ಎರಡಡಿಗಿಂತ ಗಿಡ್ಡದ್ದೆಲ್ಲ ಕಸ!

ಸಿವಿಲ್ ಡಿಪ್ಲೊಮಾ ಮುಗಿಸಿದ ಆರೇ ತಿಂಗಳಿಗೆ ಕಟ್ಟಡ ಲೋಕವನ್ನು ಉದ್ಧಾರ ಮಾಡುವ ಸಾಮರ್ಥ್ಯ ನನಗೆ ಬಂದುಬಿಟ್ಟಿತ್ತು. ಕೆಂಗೇರಿಯಾಚೆ ನಾವು ಬಡವರಿಗಾಗಿ ಕಡಿಮೆ ಬೆಲೆಯ ಮನೆಗಳನ್ನು ಕಟ್ಟುತ್ತಿದ್ದೆವು. ಸೈಟಿನಲ್ಲಿ ಎಲ್ಲಿ ಕಾಲಿಟ್ಟರೂ ಮರದ ಚೂರು.

"ಚೇತನ್, ಶುಕ್ರವಾರ ಕಂಪನಿ ದೊಡ್ಡೋರು ನೋಡಕ್ಕೆ ಬರ್ತಾರೆ. ಈ ಮರದ ಕಸಕ್ಕೆ ಏನಾದ್ರೂ ಮಾಡಪ್ಪಾ," ಎಂದರು ಮ್ಯಾನೇಜರ್.

"ನಂಗೆ ಬಿಡಿ ಸಾರ್!" ಎಂದೆ.

ಬಿಟ್ಟರು. ಅದೇ ಅವರು ಮಾಡಿದ ತಪ್ಪು.

ತಕ್ಷಣ ಒಂದು ರಾಜಾಜ್ಞೆ ಹೊರಡಿಸಿದೆ. ಎರಡಡಿ ಅಥವಾ ಅದಕ್ಕಿಂತ ಉದ್ದ ಇರುವ ತುಂಡು ಸಂಪತ್ತು. ಅದಕ್ಕಿಂತ ಗಿಡ್ಡದ್ದೆಲ್ಲ ಕಸ! ಟೇಪು ಹಿಡಿದು ಸೈಟೆಲ್ಲ ಸುತ್ತಿದೆ. ಸಂಪತ್ತಿಗೆ ಹಸಿರು ಬಣ್ಣ, ಕಸಕ್ಕೆ ಕೆಂಪು. ಅದೇ ಭರದಲ್ಲಿ ಒಂದು ಏಣಿಯ ಮೆಟ್ಟಿಲುಗಳಿಗೂ ಕೆಂಪು ಬಳಿದೆ. ಕಾನೂನು ಎಂದರೆ ಕಾನೂನು!

ಸೆಂಟ್ರಿಂಗ್ ಮೇಸ್ತ್ರಿ ಯಮನಪ್ಪ ಓಡಿ ಬಂದರು. ಯಾದಗಿರಿ ಕಡೆಯವರು. ಹೆಂಡತಿ, ಮಗಳ ಜೊತೆ ಸೈಟಿನ ತಗಡಿನ ಶೆಡ್ಡಿನಲ್ಲೇ ವಾಸ. ಮಗಳಿಗೆ ಹತ್ತನೇ ತರಗತಿ ಪರೀಕ್ಷೆಗೆ ಇನ್ನು ಮೂರೇ ವಾರ. ಶಾಲೆ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಯವರೆಗೆ ಈ ಸೈಟಿನಲ್ಲಿ ಕೆಲಸ ಉಳಿದರೆ ಸಾಕು ಎಂದು ಸಿಕ್ಕಾಗಲೆಲ್ಲ ಹೇಳುತ್ತಿದ್ದರು.

"ಸರ, ಆ ಮೂಲ್ಯಾಗಿನ ರಾಶಿ ಮುಟ್ಟಬ್ಯಾಡ್ರಿ. ಅದು ಕಸ ಅಲ್ರಿ, ಬೆಣಿ. ನಾಳೆ ಬೇಕಾಗ್ತಾವ."

"ಉದ್ದ ಎಷ್ಟಿದೆ ಯಮನಪ್ಪಣ್ಣ?"

"ಒಂದ್ ಗೇಣು ಇರಬೇಕ್ರಿ."

"ಹಂಗಾದ್ರೆ ಕಸ!"

ಸಂಜೆಯೊಳಗೆ ರಾಶಿ ಟೆಂಪೋ ಹತ್ತಿ ಕಾಮಾಕ್ಷಿಪಾಳ್ಯದ ಒಂದು ಬೇಕರಿಯ ಒಲೆಗೆ ಹೋಯಿತು. ನಾನು ಗುಡಿಸಿದ ನೆಲದ ಫೋಟೋ ತೆಗೆದುಕೊಂಡೆ.

ಸ್ಲ್ಯಾಬಿನ ಕಾಂಕ್ರೀಟ್ ಸುರಿಯುವ ಹಲಗೆಗಳನ್ನು ನೀಲಗಿರಿ ಕಂಬಗಳು ಹೊತ್ತು ನಿಲ್ಲುತ್ತವೆ. ಒಂದೊಂದು ಕಂಬದ ಬುಡಕ್ಕೂ ಬೆಣೆ ಹೊಡೆದೇ ಮಟ್ಟ ಕೂರಿಸಬೇಕು. ಬೆಣೆ ಇಲ್ಲದಿದ್ದರೆ ಸ್ಲ್ಯಾಬೂ ಇಲ್ಲ. ಈ ಜ್ಞಾನ ನನಗೆ ಉದಯವಾದದ್ದು ಮರುದಿನ ಬೆಳಿಗ್ಗೆ, ಕಾಂಕ್ರೀಟ್ ಲಾರಿಗಳು ಮಧ್ಯಾಹ್ನ ಎರಡಕ್ಕೆ ಬರಲಿವೆ ಎನ್ನುವಾಗ!

ಬೈಕ್ ಹತ್ತಿ ಕಾಮಾಕ್ಷಿಪಾಳ್ಯಕ್ಕೆ ಹಾರಿದೆ.

"ಏನ್ ಸಾರ್ ಸೌದೆ ಅದು! ಸಖತ್ತಾಗಿ ಒಣಗಿತ್ತು," ಎಂದರು ಬೇಕರಿಯವರು. "ಬೆಳಗ್ಗೆ ಬನ್ನೆಲ್ಲ ಅದ್ರಲ್ಲೇ ಬೆಂದಿದ್ದು. ತಗೊಳ್ಳಿ, ಬಿಸಿ ಇದೆ."

ಎರಡು ಬನ್ ತಿಂದು ವಾಪಸ್ ಬಂದೆ. ಕಂಬದ ಬುಡಕ್ಕೆ ಬನ್ ಹೊಡೆಯಲಾಗುವುದಿಲ್ಲವಲ್ಲ!

"ಈಗೇನ್ ಮಾಡೋದು ಅಣ್ಣಾ?"

"ಇನ್ನೇನೈತ್ರಿ? ಹೊಸ ಹಲಗಿ ಕಡೀಬೇಕು. ನೀವ್ ಹ್ಞೂಂ ಅನ್ರಿ."

ಹ್ಞೂಂ ಅಂದೆ. ಹನ್ನೆರಡು ಹೊಸ ಹಲಗೆಗಳು ಕಣ್ಣೆದುರೇ ಚೂರಾದವು. ಒಂದು ರಾಶಿ ಕಸ ಕಳೆಯಲು ಹೋಗಿ ಎರಡು ರಾಶಿ ಮಾಡಿದ್ದೆ! ಅಷ್ಟರಲ್ಲಿ ಮ್ಯಾನೇಜರ್ ಬಂದರು.

"ಯಾರ್ರೀ ಹೊಸ ಹಲಗೆ ಕಡಿಸಿದ್ದು?"

ಯಮನಪ್ಪ ನನ್ನನ್ನು ನೋಡಿದರು. ನಾನು ಟೇಪು ನೋಡಿದೆ.

"ಮೇಸ್ತ್ರಿ, ನಿಮ್ಮನ್ನೇ ಕೇಳ್ತಿರೋದು! ಇಂಥಾ ದುಬಾರಿ ಮೇಸ್ತ್ರಿ ನಮಗ್ ಬೇಡ. ಈ ಸ್ಲ್ಯಾಬ್ ಮುಗಿಸಿ, ಶೆಡ್ ಖಾಲಿ ಮಾಡಿ."

'ನಾನೇ ಸಾರ್' ಎಂಬುದು ಎರಡೇ ಪದ. ವಿಜಯನಗರದ ಟೀ ಅಂಗಡಿಯಲ್ಲಿ ಗೆಳೆಯರನ್ನು ಗಂಟೆಗಟ್ಟಲೆ ನಗಿಸುವ ಬಾಯಿ ನನ್ನದು. ಬಾಯಲ್ಲಿ ಬನ್ನಿತ್ತು ಎಂದಾದರೂ ಹೇಳಬಹುದಿತ್ತು. ಅದೂ ಇರಲಿಲ್ಲ.

ಶುಕ್ರವಾರ ದೊಡ್ಡವರು ಬಂದು ಹಸಿರು, ಕೆಂಪು ನೋಡಿ ಚಪ್ಪಾಳೆ ತಟ್ಟಿದರು. ಇನ್ನೂ ಮೂರು ಸೈಟಿನ ಮರದ ಕಸ ನನ್ನ ಸುಪರ್ದಿಗೆ ಬಂತು!

ಅತ್ತ ಶೆಡ್ಡಿನ ಮುಂದೆ ಟೆಂಪೋ ನಿಂತಿತ್ತು. ಮಗಳು ಗಂಟುಮೂಟೆಯ ಮೇಲೆ ಕೂತು ವಿಜ್ಞಾನದ ಪುಸ್ತಕ ಓದುತ್ತಿದ್ದಳು.

"ಪರೀಕ್ಷೆಗೆ ಎಲ್ಲಿಂದ ಬರ್ತೀಯಮ್ಮಾ?"

"ಹೊಸಕೋಟಿಂದ್ರಿ. ಅಪ್ಪಗ ಅಲ್ಲಿ ಕೆಲ್ಸ ಸಿಕ್ಕೈತಿ. ಮೂರ್ ಬಸ್ ಹತ್ತಬೇಕಂತ," ಎಂದಳು, ಪುಸ್ತಕದಿಂದ ತಲೆ ಎತ್ತದೆ.

ನನಗೆ ಏನಾದರೂ ಮಾಡಲೇಬೇಕು ಅನ್ನಿಸಿತು. ಅವರ ಕಬ್ಬಿಣದ ಟ್ರಂಕ್ ಎತ್ತಿಕೊಡಲು ಬಗ್ಗಿದೆ.

"ಬಿಡ್ರಿ ಸರ," ಎಂದು ಯಮನಪ್ಪ ಮೆಲ್ಲಗೆ ನನ್ನ ಕೈ ಸರಿಸಿದರು. "ಬೀಳಿಸಿಗೀಳಿಸೀರಿ."