ಸಾಹೇಬರಿಗೆ ಸೋಲುವ ಆಟ

ಮಾತು ಕಲಿಯುತ್ತಿದ್ದ ಮಗಳು ಪಂಪಾವತಿ ತನ್ನನ್ನು ನೋಡಿ "ಮಾಮಾ ಬಂದ" ಅಂದ ದಿನವೇ ಹೊನ್ನೂರುಸ್ವಾಮಿ ಹೊಸಪೇಟೆ ಆಫೀಸಿಗೆ ವರ್ಗ ಮಾಡಿಸಿಕೊಳ್ಳಲೇಬೇಕೆಂದು ತೀರ್ಮಾನಿಸಿದ. ಕೂಸಿನದೇನೂ ತಪ್ಪಿರಲಿಲ್ಲ. ಅದು ಏಳುವ ಮುಂಚೆ ಅವನು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಮನೆ ಬಿಟ್ಟು ತೋರಣಗಲ್ಲಿನ ಆಫೀಸಿಗೆ ಕಂಪನಿ ಬಸ್ಸು ಹಿಡಿಯುತ್ತಿದ್ದ. ಅದು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಭಾನುವಾರಕ್ಕೊಮ್ಮೆ ಕಾಣುವ ಮೀಸೆಯ ಗಂಡಸನ್ನು ಅದು ತಾನೇ ಇನ್ನೇನೆಂದು ಕರೆದೀತು?

"ಮಾರಿ ಸಣ್ಣದು ಮಾಡಬ್ಯಾಡ್ರಿ," ಎಂದಳು ಹೆಂಡತಿ ಚೆನ್ನಬಸಮ್ಮ. "ಹೋದ ವಾರ ನಿಮ್ಮನ್ನ ನೋಡಿ ಚೀರಿದ್ಲು. ಈ ವಾರ ಮಾಮ ಅಂದಾಳ. ಸುಧಾರಿಸ್ಯಾಳ."

ಹೊನ್ನೂರುಸ್ವಾಮಿಯದು ಉಕ್ಕಿನ ಕಾರ್ಖಾನೆಗಳಿಗೆ ಲಾರಿ ಒದಗಿಸುವ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಕೆಲಸ. ಅದರ ಹೊಸಪೇಟೆ ಆಫೀಸಿನಲ್ಲಿ ಒಂದೇ ಒಂದು ಕುರ್ಚಿ ಖಾಲಿಯಾಗಿತ್ತು. ಪಕ್ಕದ ಮೇಜಿನ ಮಾರುತೇಶನ ಕಣ್ಣೂ ಅದರ ಮೇಲೆಯೇ ಇತ್ತು. ಕೊಡುವ ಕೈ ಜನರಲ್ ಮ್ಯಾನೇಜರ್ ಹಂಪಯ್ಯನವರದು. "ಟೀಮ್ ಬಿಲ್ಡಿಂಗ್ ಮುಗೀಲಿ, ಅವತ್ತೇ ಹೇಳ್ತೀನಿ" ಎಂದು ಅವರು ಇಬ್ಬರಿಗೂ ಹೇಳಿದ್ದರು.

ಹೋದ ವರ್ಷದ ಟೀಮ್ ಬಿಲ್ಡಿಂಗ್ ಎಂದರೆ ಹಂಪಿಯಲ್ಲಿ ಬಂಡೆ ಹತ್ತುವುದು. ಅಕೌಂಟ್ಸ್ ವಿಭಾಗ ಉತ್ಸಾಹದಿಂದ ಹತ್ತಿತು. ಇಳಿಸಲು ಕುರಿ ಕಾಯುವವರು ಬರಬೇಕಾಯಿತು. ಆದ್ದರಿಂದ ಈ ವರ್ಷ ಹೆಡ್ ಆಫೀಸು ಬೆಂಗಳೂರಿನಿಂದ ಅಂಜಲಿ ಮೇಡಂ ಎಂಬ ತರಬೇತುದಾರರನ್ನೂ ಒಂದು ಪೆಟ್ಟಿಗೆ ಕನ್ನಡಕಗಳನ್ನೂ ಕಳಿಸಿತು. ಜಾಗ, ಹೊಸಪೇಟೆಯ ಒಂದು ಕಲ್ಯಾಣ ಮಂಟಪ. ವೇದಿಕೆಯ ಮೇಲೆ ಹಿಂದಿನ ದಿನದ 'ರಾಮಾಂಜಿನಿ ವೆಡ್ಸ್ ಹೊನ್ನೂರಮ್ಮ' ಇನ್ನೂ ಇಳಿದಿರಲಿಲ್ಲ. ಅದರ ಕೆಳಗೇ 'ಒಂದೇ ತಂಡ, ಒಂದೇ ಉಸಿರು' ಎಂಬ ಬ್ಯಾನರ್ ಕಟ್ಟಿದ್ದರು. ನೋಡಿದವರಿಗೆ ಎರಡೂ ಒಂದೇ ಕಾರ್ಯಕ್ರಮದಂತೆ ಕಾಣುತ್ತಿತ್ತು.

"ಇದು ಆಗ್ಮೆಂಟೆಡ್ ರಿಯಾಲಿಟಿ ಆಟ," ಎಂದರು ಅಂಜಲಿ ಮೇಡಂ. "ಕನ್ನಡಕ ಹಾಕ್ಕೊಂಡ್ರೆ ಎದುರಿನ ಮನುಷ್ಯರು ಹಾಗೇ ಕಾಣ್ತಾರೆ, ಜೊತೆಗೆ ಬೆಂಕಿ ಚೆಂಡುಗಳೂ ಕಾಣುತ್ವೆ. ಕೈಗೆ ಕಟ್ಟಿರೋ ಪಟ್ಟಿ ನಿಮ್ಮ ಕೈ ನೋಡ್ತಿರುತ್ತೆ. ಕೈ ಬೀಸಿದ್ರೆ ಒಂದು ಚೆಂಡು. ಎರಡೂ ಕೈ ಸೇರಿಸಿ ಮೇಲೆತ್ತಿದ್ರೆ ಮಹಾಚೆಂಡು! ನೋಡೋರಿಗೆಲ್ಲ ದೊಡ್ಡ ಪರದೆ ಮೇಲೆ ಕಾಣುತ್ತೆ."

"ಮೈ ಸುಡತೈತೇನ್ರಿ ಮೇಡಂ?" ಎಂದು ಹಾಜರಿ ವಿಭಾಗದ ಶಾಂತಕ್ಕ ಸೆರಗು ಬಿಗಿದುಕೊಂಡು ಕೇಳಿದಳು.

"ಇಲ್ಲಮ್ಮ. ಸುಡೋದು ದೊಡ್ಡವರು ಚಿಕ್ಕವರು ಅನ್ನೋ ಭೇದ ಮಾತ್ರ."

ಎಲ್ಲರೂ ಹಂಪಯ್ಯನವರ ಮುಖ ನೋಡಿದರು. ಅವರು ತಲೆಯಾಡಿಸಿದ ಮೇಲೆ ಭೇದವಿಲ್ಲವೆಂದು ಒಪ್ಪಿ ಚಪ್ಪಾಳೆ ತಟ್ಟಿದರು.

ಚೀಟಿ ಎತ್ತಿದಾಗ ಸಾಹೇಬರ ಎದುರು ಮೊದಲು ಮಾರುತೇಶ, ಆಮೇಲೆ ಹೊನ್ನೂರುಸ್ವಾಮಿ ಎಂದು ಬಂತು. ಶಾಂತಕ್ಕ ಹೊನ್ನೂರುಸ್ವಾಮಿಯನ್ನು ಕಂಬದ ಹಿಂದೆ ಎಳೆದಳು. "ಲೇ ತಮ್ಮಾ, ಕುರ್ಚಿ ಬೇಕಂದ್ರ ಸುಮ್ನ ಸೋತು ಬಾ. ಕಲ್ಲಿನ ಕಂಬದಂಗ ನಿಂತುಬಿಡು."

"ಅಷ್ಟೂ ತಿಳಿಯಂಗಿಲ್ಲೇನಕ್ಕಾ ನನಗ?" ಎಂದು ಅವನು ಕೈ ತಿರುವಿದ. ಆ ಕೈಯೇ ಅವನ ಕರ್ಮ. ಹೊನ್ನೂರುಸ್ವಾಮಿಗೆ ಕೈ ಆಡಿಸದೆ ಮಾತು ಹೊರಡುತ್ತಿರಲಿಲ್ಲ. ಫೋನಿನಲ್ಲಿ ಮಾತಾಡುವಾಗಲೂ ಪಕ್ಕದವರು ಒಂದು ಮಾರು ದೂರ ಸರಿದು ನಿಲ್ಲುತ್ತಿದ್ದರು.

ಮಾರುತೇಶ ಕಲಾವಿದನಂತೆ ಸೋತ. ಸಾಹೇಬರು ಇನ್ನೂ ಕನ್ನಡಕದ ಪಟ್ಟಿ ಬಿಗಿದುಕೊಳ್ಳುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದ. "ಅಯ್ಯಯ್ಯೋ, ಏನ್ ಹೊಡ್ತರೀ ಸರ್!"

"ನಾನಿನ್ನೂ ಹೊಡದಿಲ್ಲಪ್ಪ."

"ಹೊಡೀದನ ಹಿಂಗ, ಹೊಡದ್ರ ಹೆಂಗ್ರೀ!"

ಹೊನ್ನೂರುಸ್ವಾಮಿಯ ಸರದಿ ಬಂತು. ಸೀಟಿ ಊದಿದರು. ಅವನು ಉಸಿರು ಬಿಗಿಹಿಡಿದು ನಿಂತ. ಹಂಪಯ್ಯನವರು ಕೈ ಬೀಸಿದರು. ಚೆಂಡು ಅವನ ತಲೆಯ ಮೇಲಿಂದ ಹೋಗಿ ವರನ ಕುರ್ಚಿಗೆ ಬಡಿಯಿತು.

"ಛೇ, ತಪ್ಪಿತಲ್ಲ!" ಎಂದರು ಸಾಹೇಬರು.

"ಇಲ್ರಿ ಸರ್, ತಪ್ಪಿಲ್ರಿ, ಬಡಿದೈತ್ರಿ!" ಎಂದು ಹೊನ್ನೂರುಸ್ವಾಮಿ ಗಾಬರಿಯಿಂದ ಕೈ ಬೀಸಿದ. ಬೀಸಿದ ಕೈಯಿಂದ ಕೆಂಡದಂಥ ಚೆಂಡು ಹೊರಟು ಸಾಹೇಬರ ಎದೆಗೆ ನೇರವಾಗಿ ಬಡಿಯಿತು. ಪರದೆ ಢಣ್ ಎಂದಿತು.

"ತಪ್ಪಾತ್ರಿ ಸರ್!" ಅವನು ಎರಡೂ ಕೈ ಜೋಡಿಸಿ ಹಣೆಗೆತ್ತಿದ. ಕುಂಬಳಕಾಯಿ ಗಾತ್ರದ ಮಹಾಚೆಂಡು ಹಾರಿ ಸಾಹೇಬರ ಹೊಟ್ಟೆಯ ಮೇಲೆ ಒಡೆಯಿತು. ದೇವರ ಮುಂದೆ ಮಾಡುವಂತೆ ಅವನು ಗಲ್ಲಗಲ್ಲ ಬಡಿದುಕೊಂಡ. ಪಟಪಟನೆ ಪಟಾಕಿ ಸರ ಹಚ್ಚಿದಂತೆ ಚೆಂಡುಗಳು ಹೊರಟವು.

"ಕೈ ಕೆಳಗಿಡಲೇ, ಮೂಳಾ!" ಎಂದು ಕಿರುಚಿದಳು ಶಾಂತಕ್ಕ.

"ಎಲ್ಲಿಡ್ಲೆಕ್ಕಾ, ಇಲ್ಲೇನು?" ಎಂದು ತೋರಿಸಿದ. ಇನ್ನೊಂದು ಹೋಯಿತು.

ಕಡೆಗೆ ಬೇರೆ ದಾರಿ ಕಾಣದೆ ಅವನು ಸಾಹೇಬರ ಮುಂದೆ ಉದ್ದಂಡ ನಮಸ್ಕಾರ ಹಾಕಿದ. ಚಾಚಿದ ಎರಡೂ ಕೈಗಳಿಂದ ಹೊರಟದ್ದು ಏನೆಂದು ಅಂಜಲಿ ಮೇಡಂಗೂ ಗೊತ್ತಾಗಲಿಲ್ಲ. ಅಂಥದ್ದನ್ನು ಅವರು ಬೆಂಗಳೂರಿನಲ್ಲಿ ನೋಡಿರಲಿಲ್ಲ. ಪರದೆ ಪೂರ್ತಿ ಬಂಗಾರದ ಬಣ್ಣಕ್ಕೆ ತಿರುಗಿ, ಕಹಳೆ ಮೊಳಗಿ, 'ಸಂಪೂರ್ಣ ವಿಜಯ' ಎಂದು ಮೂಡಿತು. ಮೇಡಂ ಒಬ್ಬರೇ ಚಪ್ಪಾಳೆ ತಟ್ಟಿದರು. ಸಾವಿನ ಮನೆಯಲ್ಲಿ ಡೊಳ್ಳು ಬಾರಿಸಿದವರನ್ನು ನೋಡುವಂತೆ ಎಲ್ಲರೂ ಅವರನ್ನು ನೋಡಿದರು.

ಊಟಕ್ಕೆ ಕೂತಾಗ ಹೊನ್ನೂರುಸ್ವಾಮಿಯ ಎಡಕ್ಕೂ ಬಲಕ್ಕೂ ಎಲೆಗಳು ಖಾಲಿ ಬಿದ್ದವು. ಅವನೊಬ್ಬನೇ ಒಂದು ತಂಡವಾಗಿದ್ದ. ಮಾರುತೇಶ ಮಾತ್ರ ದೊಡ್ಡ ಮನಸ್ಸು ಮಾಡಿ ಬಂದು ಬೆನ್ನು ಸವರಿದ. "ಚಿಂತಿ ಮಾಡಬ್ಯಾಡೋ. ನಾನು ಹೊಸಪೇಟಿಗೆ ಬಂದ ಮ್ಯಾಲೆ ದಿನಾ ಸಂಜಿಕ ನಿಮ್ಮ ಮನಿ ಕಡೆ ಹೋಗಿ ಕೂಸನ್ನ ಮಾತಾಡಿಸಿ ಬರ್ತೀನಿ."

ಪಾಯಸ ಬರುವ ಮುಂಚೆಯೇ ಸಾಹೇಬರಿಂದ ಕರೆ ಬಂತು. ಅವರು ಮದುಮಗಳ ಕೋಣೆಯಲ್ಲಿ, ಸುತ್ತ ಬಲ್ಬು ಹಚ್ಚಿದ ಕನ್ನಡಿಯ ಮುಂದೆ ಕೂತಿದ್ದರು.

"ಬಾಗಿಲು ಹಾಕ್ರಿ. ಕುಂದ್ರಿ."

"ಸರ್, ಈ ನನ್ನ ಕೈ..." ಎಂದು ಹೊನ್ನೂರುಸ್ವಾಮಿ ತೊಡೆಗಳ ಕೆಳಗೆ ಎರಡೂ ಕೈ ಸಿಕ್ಕಿಸಿಕೊಂಡು ಕೂತ.

"ಆ ಕೈ ಬಗ್ಗೇನ ಹೇಳಬೇಕು," ಎಂದ ಹಂಪಯ್ಯನವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. "ನಾನು ಮ್ಯಾನೇಜರ್ ಆದಾಗಿಂದ ಒಂದಾಟಾನೂ ಸೋತಿಲ್ರಿ. ಕೇರಂ ಗೆದ್ದೆ, ಶಟಲ್ ಗೆದ್ದೆ. ಮೊನ್ನೆ ಓಟದ ಪಂದ್ಯದಾಗ ಫೋನಿನಾಗ ಮಾತಾಡ್ಕೊಂತ ನಡಕೊಂಡು ಹೋಗಿ ಫಸ್ಟ್ ಬಂದೆ. ನನಗ ತಿಳಿಯಂಗಿಲ್ಲಂತ ಮಾಡ್ಯಾರ? ಇವತ್ತು ನೀವೊಬ್ಬರಾದ್ರೂ ಮನಸ್ಸಿಟ್ಟು ಹೊಡದ್ರಿ. ಬಾಯಾಗ ತಪ್ಪಾತು ತಪ್ಪಾತು, ಕೈಯಾಗ ಚೆಂಡು! ಏನ್ ತಂತ್ರರೀ ಅದು! ಮಸ್ತ್!"

ಹೊನ್ನೂರುಸ್ವಾಮಿಯ ಜೀವ ವಾಪಸು ಬಂತು. "ಹಂಗಾದ್ರ ಸರ್, ಹೊಸಪೇಟಿ ಕುರ್ಚಿ..."

"ಕೊಟ್ಟೆ."

"ಸರ್!"

"ಮಾರುತೇಶಗ."

"ಸರ್?"

"ಅಂಥ ನಾಟಕದವನು ಇನ್ನೊಂದಿನ ನನ್ನ ಕಣ್ಣೆದುರು ಇರೂದು ಬ್ಯಾಡ. ನಾಳೇನ ಹೊಸಪೇಟಿಗೆ ತಳ್ತೀನಿ. ನೀವು ತೋರಣಗಲ್ಲಿನಾಗ, ನನ್ನ ಪಕ್ಕದ ಕೋಣ್ಯಾಗ. ಎರಡು ಕನ್ನಡಕ ನಾನು ಇಟ್ಕೊಂಡೀನಿ. ದಿನಾ ಡ್ಯೂಟಿ ಮುಗಿದ ಮ್ಯಾಲೆ ನನ್ನ ಕ್ವಾರ್ಟರ್ಸಿನಾಗ ಆಡೋಣು. ಭಾನುವಾರ ಹ್ಯಾಂಗೂ ರಜಾ, ಬೆಳಿಗ್ಗೇನ ಬಂದುಬಿಡ್ರಿ."

ಭಾನುವಾರವೂ ಹೋಯಿತು. ಇನ್ನು ಮಗಳ ಬಾಯಲ್ಲಿ ಮಾಮನೂ ಉಳಿಯುವುದಿಲ್ಲ ಎನ್ನಿಸಿ ಹೊನ್ನೂರುಸ್ವಾಮಿಗೆ ಎಲ್ಲಿಲ್ಲದ ಧೈರ್ಯ ಬಂತು. "ಸರ್, ಇದ್ದದ್ದು ಹೇಳಿಬಿಡ್ತೀನ್ರಿ. ನಾನೂ ಸೋಲಾಕಂತನ ಬಂದಿದ್ದೆ. ಸೋಲಾಕ ಬರಲಿಲ್ಲ, ಅಷ್ಟ. ನಾಳೆಯಿಂದ ದಿನಾ ಬೇಕಂತ ಸೋತುಬಿಡ್ತೀನಿ, ನನ್ನನ್ನ ಹೊಸಪೇಟಿಗೆ ಕಳಿಸ್ರಿ!"

ಹಂಪಯ್ಯನವರು ಎದ್ದು ಬಂದು ಅವನನ್ನು ಗಟ್ಟಿಯಾಗಿ ತಬ್ಬಿಕೊಂಡರು.

"ನೋಡ್ರಿ, ಇದ! ಇದನ್ನ ನನ್ನ ಮುಖಕ್ಕ ಹೇಳೋ ಮನುಷ್ಯ ಈ ಕಂಪನ್ಯಾಗ ಇನ್ನೊಬ್ಬ ಎಲ್ಲದಾನ್ರಿ? ನಿಮ್ಮನ್ನ ನಾ ರಿಟೈರ್ ಆಗೂತನಕ ಬಿಡಂಗಿಲ್ಲ!"