ಉಪ್ಪುನೀರಿನ ಇಲಿಗಳು ಧೈರ್ಯ ತೋರಿದ ಬಗ್ಗೆ ಸಮಜಾಯಿಷಿ

ಇಂದ:
ಪರಿಚಾರಕಿ, ಇಲಿ ಕೊಠಡಿ ಸಂಖ್ಯೆ 3
(ಹನ್ನೊಂದು ವರ್ಷದ ಸೇವೆ, ಇಬ್ಬರು ಹೆಣ್ಣುಮಕ್ಕಳ ತಾಯಿ)

ಗೆ:
ಅಧ್ಯಕ್ಷರು, ಪ್ರಾಣಿ ಪ್ರಯೋಗ ಸಮಿತಿ
ಎರಡನೇ ಮಹಡಿ

ದಿನಾಂಕ: ಗುರುವಾರ, ಹಾಲು ಒಲೆಯ ಮೇಲಿರುವಾಗ

ವಿಷಯ: ಬರೀ ಉಪ್ಪುನೀರು ಚುಚ್ಚಿಸಿಕೊಂಡ ಇಲಿಗಳು ಔಷಧ ಚುಚ್ಚಿಸಿಕೊಂಡವುಗಳಂತೆ ನಡೆದುಕೊಂಡದ್ದಕ್ಕೆ ಕಾರಣ ತಿಳಿಸುವ, ಹಾಗೂ ಅವುಗಳನ್ನು ಶನಿವಾರ ಕೊಲ್ಲದಿರಲು ಕೋರುವ ಬಗ್ಗೆ.

ಉಲ್ಲೇಖ:
1. ತಮ್ಮ ಕಾರಣ ಕೇಳಿ ನೋಟಿಸು (ಸೋಮವಾರ, ಬುತ್ತಿ ಬಿಚ್ಚಿದ ಹೊತ್ತಿಗೆ ಕೈ ಸೇರಿದ್ದು).
2. ಕೊಠಡಿಯ ನಿಯಮ 7: "ತೂಕ ಮಾಡುವಾಗ ಹೊರತು ಪ್ರಾಣಿಗಳನ್ನು ಮುಟ್ಟತಕ್ಕದ್ದಲ್ಲ."
3. ದೊಡ್ಡ ಮಗಳ ಜ್ವರ.

ಮಾನ್ಯರೇ,

ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಈ ಕೆಳಗಿನ ಸಂಗತಿಗಳನ್ನು ತಮ್ಮ ಗಮನಕ್ಕೆ ತರುತ್ತಾಳೆ. ಬರವಣಿಗೆಯ ನಡುವೆ ಎರಡು ಬಾರಿ ಒಲೆಯ ಕಡೆಗೆ, ಒಂದು ಬಾರಿ ಚಿಕ್ಕವಳ ಜಡೆಯ ಕಡೆಗೆ ಹೋಗಬೇಕಾಗಿ ಬಂದದ್ದರಿಂದ ಅಕ್ಷರ ಒಂದೇ ಸಮ ಇಲ್ಲ. ಮನ್ನಿಸಬೇಕು.

1. ಕೊಠಡಿ 3ರಲ್ಲಿ ಹದಿನಾರು ಇಲಿಗಳಿವೆ. ಅಂಜಿಕೆ ಕಡಿಮೆ ಮಾಡುವ ಹೊಸ ಔಷಧವೊಂದನ್ನು ಸಂಶೋಧಕಿ ಡಾಕ್ಟರಮ್ಮನವರು ಇವುಗಳ ಮೇಲೆ ಪರೀಕ್ಷಿಸುತ್ತಿದ್ದಾರೆ. ನೀಲಿ ಪಟ್ಟಿಯ ಪಂಜರದ ಎಂಟಕ್ಕೆ ದಿನವೂ ಒಂದು ಬಾಟಲಿಯಿಂದ ಸೂಜಿ, ಬಿಳಿ ಪಟ್ಟಿಯ ಎಂಟಕ್ಕೆ ಇನ್ನೊಂದು ಬಾಟಲಿಯಿಂದ. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಉಪ್ಪುನೀರು. ಯಾವುದರಲ್ಲಿ ಯಾವುದು ಎಂಬುದು ಡಾಕ್ಟರಮ್ಮನವರಿಗೂ ಗೊತ್ತಿರಕೂಡದು. ಅದು ಅಂಟು ಹಾಕಿದ ಲಕೋಟೆಯಲ್ಲಿ, ಲಕೋಟೆ ತಮ್ಮ ಬೀರುವಿನಲ್ಲಿ.

2. ಎರಡು ವಾರ ಹೀಗೆ ನಡೆದ ಮೇಲೆ, ಅಂದಂದಿನ ಸೂಜಿಯ ನಂತರ ದಿನಕ್ಕೆ ನೀಲಿಯದೊಂದು, ಬಿಳಿಯದೊಂದು ಇಲಿಯನ್ನು ಪರೀಕ್ಷೆಗೆ ಒಯ್ಯಲಾಗುತ್ತದೆ. ಸೊಂಟದೆತ್ತರದಲ್ಲಿ, ಕೂಡಿಸುವ ಗುರುತಿನ ಆಕಾರದ ಒಂದು ಹಲಗೆ. ಅದರ ಎರಡು ತೋಳುಗಳಿಗೆ ಗೋಡೆ ಇದೆ, ಎರಡಕ್ಕಿಲ್ಲ. ಅಂಜುವ ಇಲಿ ಗೋಡೆಯ ನಡುವೆ ಮುದುಡಿ ಕೂರುತ್ತದೆ. ಔಷಧ ಹತ್ತಿದ ಇಲಿ ಬಯಲು ತೋಳಿನ ತುದಿಯವರೆಗೂ ಹೋಗಿ ಕೆಳಗೆ ಇಣುಕುತ್ತದೆ. ಮೇಲಿನಿಂದ ಕ್ಯಾಮೆರಾ ಐದು ನಿಮಿಷ ನೋಡುತ್ತದೆ.

3. ಎಂಟು ದಿನಗಳ ಪರೀಕ್ಷೆ ಮುಗಿದು ಲಕೋಟೆ ಒಡೆದಾಗ, ಔಷಧದ ಗುಂಪಿನಲ್ಲಿ ಆರು ಇಲಿಗಳು ಬಯಲಿಗೆ ಹೋಗಿದ್ದವು. ಉಪ್ಪುನೀರಿನ ಗುಂಪಿನಲ್ಲಿ ಐದು. ಅಂದರೆ ಎರಡು ವರ್ಷ ಪಟ್ಟ ಪಾಡಿಗೆ ಸಿಕ್ಕ ಔಷಧಕ್ಕೂ ಅಡುಗೆಮನೆಯ ಉಪ್ಪಿಗೂ ಹೆಚ್ಚು ವ್ಯತ್ಯಾಸವಿಲ್ಲ ಎಂದಾಯಿತು. ಬೆಳಿಗ್ಗೆ ಫ್ರಿಜ್ಜಿನಿಂದ ಬಾಟಲಿ ತೆಗೆದಿಡುವವಳು ಅರ್ಜಿದಾರಳಾದ ಕಾರಣ, ಕೆಲವು ದಿನ ಅವಳ ಅಜಾಗರೂಕತೆಯಿಂದ ಬಾಟಲಿಗಳು ಅದಲುಬದಲಾಗಿವೆ ಎಂದೂ, ಬಿಳಿ ಪಟ್ಟಿಯ ಇಲಿಗಳು ಕೆಟ್ಟುಹೋಗಿರುವುದರಿಂದ ಶನಿವಾರ ಅವುಗಳನ್ನು ವಿಲೇವಾರಿ ಮಾಡಬೇಕೆಂದೂ ತಮ್ಮ ನೋಟಿಸಿನಲ್ಲಿದೆ. ಇಲಿಗಳ ವಿಷಯದಲ್ಲಿ ವಿಲೇವಾರಿ ಎಂದರೇನು ಎಂಬುದು ಹನ್ನೊಂದು ವರ್ಷದ ಸೇವೆಯಲ್ಲಿ ಅರ್ಜಿದಾರಳಿಗೆ ತಿಳಿದಿದೆ.

4. ನೋಟಿಸು ಬಂದ ದಿನವೇ ಉಗ್ರಾಣದವರು ಅದನ್ನು ಓದಿ, ನಕ್ಕು, ಬಿಟ್ಟಿ ಸಲಹೆಯನ್ನೂ ಕೊಟ್ಟರು.

"ಬಾಟಲಿ ಬದಲಾಯ್ತು, ತಪ್ಪಾಯ್ತು ಅಂತ ಬರ್ಕೊಟ್ಬಿಡಕ್ಕಾ. ಒಂದು ಬೈಗುಳದಲ್ಲಿ ಮುಗಿದುಹೋಗತ್ತೆ."

"ಬದಲಾಗಿಲ್ವಲ್ಲಣ್ಣ."

"ಆಗಿಲ್ದಿದ್ರೆ ಏನೀಗ? ನೀನು ನಿಜ ಹೇಳಿದ್ರೆ ಇಲಿಗಳೇನು ನಿನಗೆ ಸನ್ಮಾನ ಮಾಡ್ತಾವಾ?"

ಮಾಡುವುದಿಲ್ಲ ಎಂಬುದನ್ನು ಅರ್ಜಿದಾರಳು ಒಪ್ಪುತ್ತಾಳೆ. ಆದರೆ ಬಾಟಲಿ ಬದಲಾಯಿತು ಎಂದು ಬರೆದುಕೊಟ್ಟರೆ ಆ ಎಂಟು ಇಲಿಗಳು ಕೆಟ್ಟವೆಂದು ಅವಳೇ ಸಹಿ ಹಾಕಿದಂತಾಗುತ್ತದೆ. ಆದ್ದರಿಂದ ಈ ಅರ್ಜಿ.

5. ಬಾಟಲಿ ಬದಲಾಗಿಲ್ಲ ಎನ್ನಲು ಆಧಾರ: ಈ ಔಷಧ ಹಸಿವನ್ನೂ ಹೆಚ್ಚಿಸುತ್ತದೆ. ಕಾಳಿನ ಲೆಕ್ಕದ ಪುಸ್ತಕದಂತೆ ನೀಲಿ ಪಂಜರಗಳಲ್ಲಿ ಮೊದಲ ದಿನದಿಂದ ಕೊನೆಯ ದಿನದವರೆಗೂ ತಲೆಗೆ ನಾಲ್ಕೈದು ಗ್ರಾಂ ಹೆಚ್ಚು ಖರ್ಚಾಗಿದೆ. ಬಿಳಿ ಪಂಜರಗಳಲ್ಲಿ ಒಂದು ದಿನವೂ ಏರಿಲ್ಲ. ಬಾಟಲಿ ಬದಲಾಗಿದ್ದರೆ ಹಸಿವೂ ಬದಲಾಗಬೇಕಿತ್ತು. ಇಲಿಗಳು ಲೆಕ್ಕ ತಿದ್ದಿಲ್ಲ, ಅರ್ಜಿದಾರಳೂ ತಿದ್ದಿಲ್ಲ.

6. ಹಾಗಾದರೆ ಉಪ್ಪುನೀರಿನವಕ್ಕೆ ಧೈರ್ಯ ಬಂದದ್ದು ಎಲ್ಲಿಂದ? ಇಲ್ಲಿ ಅರ್ಜಿದಾರಳು ನಿಯಮ 7ನ್ನು ಮುರಿದದ್ದನ್ನು ಒಪ್ಪಿಕೊಳ್ಳುತ್ತಾಳೆ.

ಲಕೋಟೆ ತಮ್ಮ ಬೀರುವಿನಲ್ಲಿದ್ದರೂ, ಸೂಜಿ ಶುರುವಾದ ನಾಲ್ಕನೇ ದಿನಕ್ಕೇ ಅದರೊಳಗೆ ಏನಿದೆ ಎಂದು ಅವಳಿಗೆ ತಿಳಿದುಹೋಗಿತ್ತು. ಬೀರು ಮುಟ್ಟಿಲ್ಲ. ನೀಲಿಯವು ಹೊಟ್ಟೆ ಬಿರಿಯ ತಿಂದು, ಒಂದರ ಮೇಲೊಂದು ಕಾಲು ಹಾಕಿ, ಬಾಯಿ ತೆರೆದು ಮಲಗುತ್ತಿದ್ದವು. ಔಷಧ ಕುಡಿದ ಮಗು ಹೇಗೆ ಮಲಗುತ್ತದೆ ಎಂಬುದನ್ನು ತಾಯಿಗೆ ಯಾರೂ ಲಕೋಟೆಯಲ್ಲಿ ಬರೆದುಕೊಡಬೇಕಾಗಿಲ್ಲ. ಬಿಳಿಯವು ಮಾತ್ರ ಸೂಜಿಯಾದ ಮೇಲೆ ಮೂಲೆಗೆ ಸರಿದು ನಡುಗುತ್ತಿದ್ದವು. ಅದೇ ಸೂಜಿ, ಅದೇ ನೋವು, ಸಿಕ್ಕಿದ್ದು ಮಾತ್ರ ಏನೂ ಇಲ್ಲ.

ಅರ್ಜಿದಾರಳ ಮನೆಯಲ್ಲಿ ಒಂದು ರೂಢಿಯಿದೆ. ದೊಡ್ಡವಳಿಗೆ ಔಷಧ ಕೊಟ್ಟಾಗ ಚಿಕ್ಕವಳು "ನಂಗೆ?" ಎಂದು ಕೈ ಚಾಚುತ್ತಾಳೆ. ಅವಳಿಗೆ ಔಷಧ ಕೊಡುವಂತಿಲ್ಲ, ಬರಿಗೈಯಲ್ಲಿ ಕಳಿಸುವಂತೆಯೂ ಇಲ್ಲ. ಒಂದು ನಿಮಿಷ ಮಡಿಲಲ್ಲಿ ಕೂರಿಸಿಕೊಂಡು ತಲೆ ಸವರಿದರೆ ಸಾಕು, ಕುಣಿಯುತ್ತಾ ಹೋಗುತ್ತಾಳೆ. ಸದರಿ ರೂಢಿಯನ್ನು ಅರ್ಜಿದಾರಳು ಐದನೇ ದಿನದಿಂದ ಬಿಳಿ ಪಟ್ಟಿಯ ಪಂಜರಗಳಿಗೂ ವಿಸ್ತರಿಸಿದಳು. ಬೆಳಿಗ್ಗೆ ಪಂಜರದ ಹೊಟ್ಟು ಬದಲಿಸುವಾಗ ಒಂದೊಂದನ್ನೂ ಕೈಗವಸಿಲ್ಲದೆ ಎತ್ತಿ, ಎಡ ಮೊಣಕೈಯ ಮಡಿಕೆಯಲ್ಲಿ ಕೂರಿಸಿಕೊಂಡು, ತಲೆಗೊಂದು ನಿಮಿಷ. ಆಗ ಆಡಿದ ಮಾತುಗಳು ಕಚೇರಿ ಕಡತಕ್ಕೆ ತಕ್ಕವಲ್ಲ. "ಸುಮ್‌ಸುಮ್ನೆ ಚುಚ್ಚಿಸ್ಕೊಂಡೆಯಲ್ಲೋ ನನ್ನಪ್ಪಾ" ಎಂಬುದು ಅವುಗಳಲ್ಲಿ ಅತಿ ಗಂಭೀರವಾದದ್ದು.

ನೀಲಿಯವನ್ನು ಎತ್ತಲಿಲ್ಲ. ಸುಖವಾಗಿ ಮಲಗಿದವನ್ನು ಎಬ್ಬಿಸಿದರೆ ಪಾಪ. ತಪ್ಪು ಆದದ್ದು ಇಲ್ಲಿಯೇ.

7. ಇದೆಲ್ಲ ಪರಿಚಾರಕಿಯ ಭ್ರಮೆ ಎಂದು ತಾವು ಭಾವಿಸಬಹುದಾದ್ದರಿಂದ ಉಲ್ಲೇಖ 3ರ ಕಡೆಗೆ ಗಮನ ಸೆಳೆಯಲಾಗಿದೆ. ದೊಡ್ಡ ಮಗಳಿಗೆ ಜ್ವರ ಬಂದು ಅರ್ಜಿದಾರಳು ಮೂರು ದಿನ ರಜೆಯಲ್ಲಿದ್ದಳು. ಬದಲಿಗೆ ಬಂದವರು ದಪ್ಪ ಕೈಗವಸು ಹಾಕಿ, ಇಲಿಗಳನ್ನು ಬಾಲ ಹಿಡಿದು ಎತ್ತುತ್ತಿದ್ದರು. ಆ ಮೂರು ದಿನ ಪರೀಕ್ಷೆಗೆ ಹೋದ ಬಿಳಿ ಇಲಿಗಳು 11, 12 ಮತ್ತು 13. ಗೋಡೆ ಬಿಟ್ಟು ಕದಲದ ಮೂರೂ ಇವೇ.

ನಾಲ್ಕನೆಯ ದಿನ ಅರ್ಜಿದಾರಳು ಮರಳಿದಳು. ಅಂದಿನ ಸರದಿ 14ರದು. ಸದಾ ಮೂಲೆಯಲ್ಲೇ ಇರುತ್ತಿದ್ದುದರಿಂದ ಅದಕ್ಕೆ ಮೂಲೆರಾಯ ಎಂದು ಹೆಸರು. ಹೆಸರಿಡಕೂಡದೆಂಬ ನಿಯಮ ಪುಸ್ತಕದಲ್ಲಿಲ್ಲ, ಹುಡುಕಿ ನೋಡಲಾಗಿದೆ. ಮೂರು ದಿನದ ಬಾಕಿಯೂ ಸೇರಿ ಅಂದು ಮೂಲೆರಾಯನಿಗೆ ನಾಲ್ಕು ನಿಮಿಷ ಸಂದಾಯವಾಯಿತು. ಅದೇ ಮೂಲೆರಾಯ ಹಲಗೆಯ ಬಯಲು ತೋಳಿನ ತುತ್ತತುದಿಗೆ ಹೋಗಿ, ಕೆಳಗೆ ನೋಡಿ, ಅಲ್ಲೇ ಕುಳಿತು ಮುಖ ತೊಳೆದುಕೊಂಡಿತು. ಕ್ಯಾಮೆರಾದಲ್ಲಿದೆ.

ತಾರೀಖುಗಳನ್ನು ಹೊಂದಿಸಿ ನೋಡಿದ್ದು ಅರ್ಜಿದಾರಳ ಜಾಣತನವಲ್ಲ. ಮಗಳ ಜ್ವರದ ದಿನಗಳು ತಾಯಿಗೆ ಕ್ಯಾಲೆಂಡರ್ ಇಲ್ಲದೆಯೂ ನೆನಪಿರುತ್ತವೆ.

8. ನಿನ್ನೆ ಕಾಳಿನ ಪುಸ್ತಕವನ್ನೂ ರಜೆ ಚೀಟಿಯನ್ನೂ ಡಾಕ್ಟರಮ್ಮನವರ ಮುಂದಿಟ್ಟಾಗ ಅವರು ಇಲಿ ಕೊಠಡಿಯ ಸ್ಟೂಲಿನ ಮೇಲೆ ಕೂತು ಎರಡೆರಡು ಬಾರಿ ಓದಿದರು.

"ಅಕ್ಕಾ, ಹಾಗಾದ್ರೆ ನನ್ನ ಔಷಧಿ ಕೆಲಸ ಮಾಡತ್ತಾ?"

"ಮಾಡತ್ತಮ್ಮ. ಚೆನ್ನಾಗೇ ಮಾಡತ್ತೆ. ನಾನು ಅಡ್ಡ ಬಂದೆ, ಅಷ್ಟೆ."

"ಇದನ್ನ ಬರೆದ್ರೆ ನಿಮ್ಮನ್ನ ಈ ಕೋಣೆಯಿಂದ ತೆಗೀತಾರಲ್ಲಾ!"

"ತೆಗೀಲಿ. ಬಾಟಲಿ ತೊಳೆಯೋ ಕೋಣೇಲೂ ಕಿಟಕಿ ಇದೆ."

"ಅಧ್ಯಕ್ಷರ ಹತ್ರ ನಾನು ಹೋಗಿ ಮಾತಾಡ್ಬೇಕಾ? ಅವರನ್ನ ಕಂಡ್ರೆ ನಂಗೆ ನಾಲಿಗೇನೇ ಏಳಲ್ಲ ಅಕ್ಕಾ."

ಹೀಗೆಂದು ಡಾಕ್ಟರಮ್ಮನವರು ಸ್ಟೂಲನ್ನು ಮೂಲೆಗೆ ಸರಿಸಿಕೊಂಡರು. ವಯಸ್ಸು ಇಪ್ಪತ್ತಾರಿರಬಹುದು. ನಿಯಮ 7 ಪ್ರಾಣಿಗಳಿಗೆ ಮಾತ್ರ ಅನ್ವಯಿಸುವುದಾದ್ದರಿಂದ ಅರ್ಜಿದಾರಳು ಅವರ ಬೆನ್ನಿನ ಮೇಲೆ ಒಂದು ನಿಮಿಷ ಕೈ ಇಟ್ಟಳು. ಈ ಅರ್ಜಿಯನ್ನು ಹಿಡಿದು ಈಗ ತಮ್ಮ ಮೇಜಿನ ಮುಂದೆ ನಿಂತಿರುವವರು ಅವರೇ. ದಯವಿಟ್ಟು ಕೂರಲು ಹೇಳಬೇಕು.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರಳು ಕೋರುವುದೇನೆಂದರೆ:

ಅ) ಎಂಟು ಬಿಳಿ ಇಲಿಗಳು ಕೆಟ್ಟಿಲ್ಲ. ಅವು ಔಷಧದ ಗುಂಪೂ ಅಲ್ಲ, ಉಪ್ಪುನೀರಿನ ಗುಂಪೂ ಅಲ್ಲ. ಮೂರನೆಯದೇ ಒಂದು ಗುಂಪು. ಅವುಗಳನ್ನು ಹಾಗೆಂದೇ ಬರೆದುಕೊಂಡು, ಶನಿವಾರದ ಆದೇಶವನ್ನು ಹಿಂತೆಗೆದುಕೊಳ್ಳಬೇಕು. ಗುಂಪಿಗೆ ಹೆಸರು ಬೇಕಾದರೆ "ಉಪ್ಪುನೀರು ಮತ್ತು ಕೈ" ಎಂದಿಡಬಹುದು. ಪ್ರಮಾಣ: ದಿನಕ್ಕೊಂದು ನಿಮಿಷ, ಬೆಳಿಗ್ಗೆ, ಎಡ ಮೊಣಕೈ.

ಆ) ಡಾಕ್ಟರಮ್ಮನವರಿಗೆ ಯಾರೂ ಎತ್ತಿಕೊಳ್ಳದ ಎಂಟು ಹೊಸ ಇಲಿಗಳನ್ನು ಕೊಡಿಸಬೇಕು. ಆ ಪಂಜರಗಳ ಹತ್ತಿರ ಅರ್ಜಿದಾರಳನ್ನು ಬಿಡಬಾರದು. ಬಿಟ್ಟರೆ ಏನಾಗುತ್ತದೆ ಎಂದು ಅವಳೇ ಖಾತರಿ ಕೊಡಲಾರಳು.

ಇ) ನಿಯಮ ಮುರಿದದ್ದಕ್ಕೆ ಅರ್ಜಿದಾರಳನ್ನು ಕೊಠಡಿ 3ರಿಂದ ತೆಗೆಯುವುದು ನ್ಯಾಯವೇ. ಅದರ ಬಗ್ಗೆ ತಕರಾರಿಲ್ಲ.

ತಮಗೂ ಪಂಜರದೊಳಗಿನ ಹದಿನಾರು ಜನರಿಗೂ ಸಮನಾಗಿ ವಿಶ್ವಾಸಿ,
(ಸಹಿ)
ಪರಿಚಾರಕಿ, ಕೊಠಡಿ 3 (ಇಂದಿನವರೆಗೆ)

ಲಗತ್ತುಗಳು:
1. ಕಾಳಿನ ಲೆಕ್ಕದ ಪುಸ್ತಕ, ಒಂದು.
2. ರಜೆ ಚೀಟಿ, ವೈದ್ಯರ ಸಹಿಯೊಂದಿಗೆ. ಹಿಂಬದಿಯ ಚಿತ್ರ ಚಿಕ್ಕವಳದು, ಪ್ರಕರಣಕ್ಕೆ ಸಂಬಂಧವಿಲ್ಲ.
3. ಅರ್ಜಿದಾರಳ ಕೆಲಸದ ಕೋಟು, ಒಂದು. ಎಡತೋಳಿನ ಮಡಿಕೆಯಲ್ಲಿ ಸಣ್ಣ ಹಲ್ಲಿನ ಗುರುತುಗಳಿವೆ. ವಾಸನೆ ಹೋಗದಿರಲೆಂದು ಬೇಕೆಂದೇ ಒಗೆದಿಲ್ಲ. ಇಲಿಗಳು ಅದನ್ನು ಗುರುತಿಸುತ್ತವೆ. ಶನಿವಾರ ಅವುಗಳನ್ನು ಎತ್ತುವವರು ಯಾರೇ ಆಗಿರಲಿ, ಯಾವ ಕಾರಣಕ್ಕೇ ಎತ್ತಲಿ, ಇದನ್ನು ತೊಟ್ಟುಕೊಂಡು ಎತ್ತಬೇಕೆಂದು ಕೋರಿಕೆ.