ಎಂ.ಎ. ಅರ್ಥಶಾಸ್ತ್ರಕ್ಕೆ ಒಬ್ಬ ಅಪ್ಪ ಒಪ್ಪಿದ್ದು

ಅರ್ಥಶಾಸ್ತ್ರ ಕಲಿಸುವವರ ಮನೆಯಲ್ಲಿ ಜೂನ್ ತಿಂಗಳು ಶಾಂತವಾಗಿ ಕಳೆದದ್ದನ್ನು ನಾನು ಕಂಡಿಲ್ಲ. ಸೊಲ್ಲಾಪುರದ ಕಾಲೇಜೊಂದರಲ್ಲಿ ನಾನು ಕಲಿಸುವುದು ಅದೇ ವಿಷಯ. ಎಂ.ಎ. ಪ್ರವೇಶ ಶುರುವಾದರೆ ಸಾಕು, ಯಾರಾದರೊಬ್ಬ ಪಾಲಕರು ಬಂದು ಎಲ್ಲರನ್ನೂ ನಗಿಸಿ ಹೋಗುತ್ತಾರೆ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಸುಲಭಕ್ಕೆ ನಗುವುದಿಲ್ಲ. ಆದರೆ ಈ ವರ್ಷ ಬಂದ ಪಾಲಕ ನನ್ನ ಸ್ವಂತ ಅಣ್ಣ.

೧. ಒಂದೇ ಶಬ್ದ

ಅಣ್ಣನದು ಮೈಂದರ್ಗಿಯಲ್ಲಿ ಒಕ್ಕಲುತನ. ಬಿ.ಎ. ಮುಗಿಸಿದ ಮಗಳನ್ನು ಕರೆದುಕೊಂಡು ಬಂದಿದ್ದ. ಅವಳಿಗೆ ಎಂ.ಎ. ಅರ್ಥಶಾಸ್ತ್ರ ಬೇಕು, ಅವನಿಗೆ ಅವಳ ಮದುವೆ ಬೇಕು. ಪ್ರವೇಶಕ್ಕೆ ಶನಿವಾರ ಕಡೆಯ ದಿನ.

"ಇದನ್ನ ಕಲ್ತು ಈಕಿ ಏನ ಆಗ್ತಾಳ, ತಂಗೀ?" ಎಂದ.

ನಾನು ನೆಟ್ಟಗೆ ಕುಳಿತು ಕ್ರಮವಾಗಿ ವಿವರಿಸಿದೆ. ಬ್ಯಾಂಕಿನಲ್ಲಿ ಅಧಿಕಾರಿಯಾಗಬಹುದು. ಸರ್ಕಾರದ ಅಂಕಿಅಂಶ ಇಲಾಖೆಗೆ ಪರೀಕ್ಷೆ ಬರೆಯಬಹುದು. ಸಂಶೋಧನಾ ಸಂಸ್ಥೆ ಸೇರಬಹುದು. ನೆಟ್ ಪಾಸಾದರೆ ನನ್ನ ಹಾಗೆ ಪ್ರಾಧ್ಯಾಪಕಿ. ಕಂಪನಿಗಳಿಗೆ ಮಾರುಕಟ್ಟೆಯ ಅಧ್ಯಯನ ಮಾಡಿಕೊಡುವ ಕೆಲಸವೂ...

ಅಣ್ಣ ಕೈ ಅಡ್ಡ ಹಿಡಿದ. "ಡಾಕ್ಟರ್ ಅಂದ್ರ ಡಾಕ್ಟರ್. ವಕೀಲ ಅಂದ್ರ ವಕೀಲ. ನಿಂದು ಹೇಳಿ ಮುಗಸೂದ್ರಾಗ ಹೆಣ್ಣು ನೋಡಾಕ ಬಂದ ಬೀಗರ ಬಸ್ಸು ಹೋಗಿರ್ತದ!"

೨. ಬೀರಪ್ಪನ ಹೇಳಿಕೆ

ಮರುದಿನ ಚಹಾದ ಹೊತ್ತಿಗೆ ಅಣ್ಣ ಮಗಳಿಗೊಂದು ಪರೀಕ್ಷೆ ಇಟ್ಟ. ಚಹಾ ಬಶಿಗೆ ಸುರಿದು ಕುಡಿಯಬಾರದೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಸುರಿದೇ ಕುಡಿದ.

"ಮನ್ಯಾಗ ತೊಗರಿ ಅದ. ಈಗ ಮಾರ್ಲ್ಯೋ, ಇಡ್ಲ್ಯೋ? ಹೇಳು."

"ಅದು ಮಳಿ ಮ್ಯಾಲ ಅದ, ಅಪ್ಪಾ. ಹೊರದೇಶದ ತೊಗರಿ ಎಷ್ಟು ಬರ್ತದ, ಅದರ ಮ್ಯಾಲೂ ಅದ."

"ನೋಡು! ಇಷ್ಟು ಕಲ್ತ್ರೂ ಒಂದ ಮಾತು ಹೇಳಾಕ ಬರೂದಿಲ್ಲ. ನಮ್ಮ ಬೀರಪ್ಪನ ಪೂಜಾರಿ, ಮೈಮ್ಯಾಲ ದೇವ್ರು ಬಂದಾಗ ಇಡೀ ವರ್ಷದ ಮಳಿ, ಧಾರಣಿ ಒಂದ ಉಸುರಿನಾಗ ಹೇಳ್ತಾನ."

"ಈ ಸಲ ಏನಂದ?" ಎಂದು ನಾನು ಕೇಳಿದೆ.

ಅಣ್ಣ ಭಕ್ತಿಯಿಂದ ಕಣ್ಣು ಮುಚ್ಚಿ ಹೇಳಿದ: "ಏರಿದ್ದು ಇಳದೀತು, ಇಳದದ್ದು ಏರೀತು."

"ನಾವೂ ಅದನ್ನ ಹೇಳ್ತೀವಿ, ಅಪ್ಪಾ. ಗ್ರಾಫ್ ತಗದು ಹೇಳ್ತೀವಿ."

೩. ಗುರುವಾರ ಬಿಟ್ಟು

ಶನಿವಾರ ನನಗೆ ತಿಳಿಸದೆ ಅಣ್ಣ ನನ್ನ ಮನೆಗೇ ಕಂದಲಗಾಂವದಿಂದ ಹೆಣ್ಣು ನೋಡುವವರನ್ನು ಕರೆಸಿದ. ಹುಡುಗ, ಅವನ ಅಪ್ಪ. ಬಂದವರಿಗೆ ಮರ್ಯಾದೆ ಮಾಡಲೇಬೇಕು. ಚಮಚ, ನ್ಯಾಪ್ಕಿನ್ ಎಲ್ಲವನ್ನೂ ಅದರದರ ಜಾಗದಲ್ಲಿಟ್ಟೆ. ಹುಡುಗಿ ಅವಲಕ್ಕಿಯ ಪೋಹೆ ತಂದಳು.

ಹುಡುಗನ ಅಪ್ಪ ಮೀಸೆ ತೀಡಿದರು. "ಅಕ್ಕಲಕೋಟದಾಗ ಲಾಡ್ಜ್ ಕಟ್ಟಸಾಕತ್ತೀವ್ರಿ. ಗುರುವಾರ ಬಂದು ನೋಡ್ರಿ, ಸ್ವಾಮಿ ಮಠಕ್ಕ ಬರೂ ಭಕ್ತರಿಗೆ ಕಾಲಿಡಾಕ ಜಾಗಾ ಇರೂದಿಲ್ಲ."

ತಟ್ಟೆ ಕೊಡುತ್ತಿದ್ದ ಹುಡುಗಿ ಕೇಳಿದಳು: "ಉಳಿದ ದಿನ ಯಾರ ಇರ್ತಾರ್ರಿ, ಕಾಕಾ?"

"ಉಳಿದ ದಿನ..." ಅವರು ಮೇಲೆ ನೋಡಿದರು. "ನಾವ ಇರ್ತೀವಿ."

"ಮತ್ತ ಬಾಡಿಗಿ ಯಾರ ಕೊಡ್ತಾರ್ರಿ?"

ಅವರ ಚಮಚ ನಡುದಾರಿಯಲ್ಲಿ ನಿಂತಿತು. ಹುಡುಗಿ ನಿಲ್ಲಲಿಲ್ಲ. "ಬಾಜೂಕ ಇರೂ ಲಾಡ್ಜುಗಳು ಬುಧವಾರ ತುಂಬ್ತಾವೇನ್ರಿ?"

"ನಾನೂ ಇದನ್ನ ಹೇಳಿದ್ನಿ, ಪಪ್ಪಾ!" ಎಂದು ಹುಡುಗ ಉತ್ಸಾಹದಿಂದ ಕುರ್ಚಿಯ ತುದಿಗೆ ಬಂದ. ಅಪ್ಪ ನೋಡಿದ ನೋಟಕ್ಕೆ ಹಿಂದಕ್ಕೆ ಸರಿದ.

ಪೋಹೆ ಅರ್ಧಕ್ಕೇ ಬಿಟ್ಟು ಅವರು ಎದ್ದರು. "ಹುಡುಗಿ ಚಲೋ ಅದಾಳ್ರಿ. ಆದ್ರ ನಮಗ ಪ್ರಶ್ನಿ ಕೇಳೂ ಸೊಸಿ ಬ್ಯಾಡ."

ಗೇಟಿನ ಸದ್ದಾಯಿತು. ಅಣ್ಣನ ಮುಖ ಕೆಂಪಾಗಿತ್ತು. ಇನ್ನು ಮಗಳನ್ನು ಬೈದು ಸಂಜೆಯ ಬಸ್ಸಿಗೆ ಹತ್ತಿಸುತ್ತಾನೆ, ಅಲ್ಲಿಗೆ ಎಂ.ಎ. ಮುಗಿಯಿತು ಎಂದುಕೊಂಡೆ. ಹುಡುಗಿ ಖಾಲಿ ಟ್ರೇ ಹಿಡಿದು ನೆಲ ನೋಡುತ್ತಿದ್ದಳು.

ಅಣ್ಣ ನನ್ನ ಕಡೆ ತಿರುಗಿದ. "ತಂಗೀ, ಪ್ರಶ್ನಿ ಕೇಳಿದ್ದಕ್ಕ ಪಗಾರ ಕೊಡೂ ನೌಕರಿ ಎಲ್ಲೆರೆ ಅದಾವೇನು?"

"ಅದಾವ. ಅರ್ಥಶಾಸ್ತ್ರ ಕಲ್ತವರಿಗೆ ಬೇಕಾದಷ್ಟು ಅದಾವ" ಎಂದೆ.

"ಹಂಗಾರ ಚಪ್ಪಲಿ ಹಾಕ್ಕೊಳ್ರಿ, ಕಾಲೇಜು ಬಂದ್ ಆಗೂದ್ರಾಗ ಈಕಿ ಹೆಸರು ಹಚ್ಚೋಣು. ಇಷ್ಟು ವರ್ಷ ನನಗ ಪುಕ್ಕಟ ಕೇಳ್ಯಾಳ!"